ಬೆಳೆ ಬಂದರೂ ಹಸಿವೇಕೆ? ನೈಜರ್ ದೇಶದ ಕಣಜ ಹೇಳುವ ಪಾಠ



ಸೂರಃ ಯೂಸುಫ್‌ನಲ್ಲಿ ಈಜಿಪ್ಟಿನ ದೊರೆ ಕಂಡ ಕನಸಿನ ಪ್ರಸಂಗ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿನ್ನುತ್ತವೆ. ಏಳು ಹಸಿರು ತೆನೆಗಳಿದ್ದರೆ ಇನ್ನುಳಿದವು ಒಣಗಿದ ತೆನೆಗಳು. ಈ ಕನಸಿಗೆ ಅರ್ಥ ಹೇಳುವಾಗ ಯೂಸುಫ್(ಅ)ರು ಮುಂದೆ ಬರ ಬರುತ್ತದೆಂದು ಎಚ್ಚರಿಸಿ ಸುಮ್ಮನಾಗಲಿಲ್ಲ. ಏನು ಮಾಡಬೇಕೆಂಬುದನ್ನೂ ಹೇಳಿಕೊಟ್ಟರು. ಏಳು ವರ್ಷ ಬಿಡದೆ ಬಿತ್ತಿರಿ, ಕೊಯ್ದದ್ದನ್ನು ತೆನೆಯಲ್ಲೇ ಉಳಿಸಿರಿ, ಊಟಕ್ಕೆ ಬೇಕಾದ ಸ್ವಲ್ಪವನ್ನು ಮಾತ್ರ ಬಿಡಿಸಿಕೊಳ್ಳಿರಿ ಎಂಬುದು ಆ ಸಲಹೆಯ ಸಾರ. ಬರದ ವರ್ಷಗಳಲ್ಲೂ ಎಲ್ಲವನ್ನೂ ತಿಂದು ಮುಗಿಸದೆ ಸ್ವಲ್ಪ ಕಾಪಾಡಿಕೊಳ್ಳಬೇಕೆಂಬ ಸೂಚನೆ ಅಲ್ಲಿದೆ. ಆ ಸ್ವಲ್ಪವೆಂದರೆ ಬಿತ್ತನೆಯ ಬೀಜ ಎಂದು ಮುಫಸ್ಸಿರರು ವಿವರಿಸಿದ್ದಾರೆ.

ಇಂದಿಗೂ ಧಾನ್ಯವನ್ನು ತೆನೆಯಲ್ಲೇ ಕಟ್ಟಿ ಕಣಜದಲ್ಲಿಡುವ ಒಂದು ಮುಸ್ಲಿಮ್ ನಾಡು ಪಶ್ಚಿಮ ಆಫ್ರಿಕಾದಲ್ಲಿದೆ. ಅದರ ಹೆಸರು ನೈಜರ್. ಅಲ್ಲಿನ ರೈತರು ಸೋಮಾರಿಗಳಲ್ಲ, ಕೂಡಿಡಲು ತಿಳಿಯದವರೂ ಅಲ್ಲ. ಆದರೂ ಅಲ್ಲಿ ಮತ್ತೆ ಮತ್ತೆ ಹಸಿವು ಕಾಡುತ್ತದೆ. ಮಳೆ ಸುಮಾರಾಗಿ ಬಂದ ವರ್ಷದಲ್ಲೂ ಮಕ್ಕಳು ಸೊರಗುತ್ತಾರೆ. ಹೀಗೇಕೆ ಎಂದು ತಿಳಿದುಕೊಂಡರೆ ಹಸಿವಿನ ಬಗ್ಗೆ ನಮಗಿರುವ ಕೆಲವು ತಪ್ಪು ತಿಳಿವಳಿಕೆಗಳು ದೂರವಾಗುತ್ತವೆ, ನಮ್ಮ ಹೊಣೆ ಯಾವುದೆಂಬುದೂ ಸ್ಪಷ್ಟವಾಗುತ್ತದೆ.

ಮರಳಿನ ತೀರದ ದೇಶ

ಮೊದಲಿಗೆ ಒಂದು ಗೊಂದಲ ಬಗೆಹರಿಯಲಿ. ನೈಜರ್ ಬೇರೆ, ನೈಜೀರಿಯಾ ಬೇರೆ. ನೈಜೀರಿಯಾದ ಉತ್ತರಕ್ಕಿರುವ ನೈಜರ್‌ಗೆ ಸಮುದ್ರವಿಲ್ಲ. ವಿಸ್ತಾರದಲ್ಲಿ ಅದು ಕರ್ನಾಟಕದ ಆರು ಪಟ್ಟಿಗಿಂತಲೂ ದೊಡ್ಡದು, ಆದರೆ ಬಹುಭಾಗ ಸಹಾರಾ ಮರುಭೂಮಿ. ಜನಸಂಖ್ಯೆ ಎರಡೂವರೆ ಕೋಟಿ ದಾಟಿದೆ. ಅವರಲ್ಲಿ ಶೇ. 95ಕ್ಕೂ ಹೆಚ್ಚು ಜನ ಮುಸ್ಲಿಮರು, ಹೆಚ್ಚಿನವರು ಮಾಲಿಕಿ ಮದ್‌ಹಬ್ ಅನುಸರಿಸುವವರು. ಇವರಲ್ಲಿ ಬಹುಪಾಲು ಜನ ವಾಸಿಸುವುದು ದಕ್ಷಿಣದ ಒಂದು ಪಟ್ಟಿಯಲ್ಲಿ. ಮರುಭೂಮಿಯ ಅಂಚಿನ ಈ ಪ್ರದೇಶವನ್ನು ಸಹೇಲ್ ಎನ್ನುತ್ತಾರೆ. ಇದು ನಮಗೆ ಪರಿಚಿತವಾದ ಅರಬಿಯ ‘ಸಾಹಿಲ್’ ಪದವೇ. ಸಾಹಿಲ್ ಎಂದರೆ ತೀರ. ಮರಳಿನ ಕಡಲನ್ನು ದಾಟಿ ಬಂದವರಿಗೆ ಹಸಿರು ಕಾಣುವ ದಡ ಎಂಬರ್ಥದಲ್ಲಿ ಆ ಹೆಸರು ಬಂತು.

ಈ ತೀರದಲ್ಲಿ ಮಳೆಗಾಲ ಒಂದೇ. ಜೂನ್‌ನಲ್ಲಿ ಆರಂಭವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಬೇಸಾಯ ನಡೆಯುವ ಹೆಚ್ಚಿನ ಕಡೆ ವರ್ಷಕ್ಕೆ 300ರಿಂದ 600 ಮಿ.ಮೀ. ಮಳೆ. ಅಷ್ಟರಲ್ಲಿ ಬೆಳೆಯಬಲ್ಲ ಧಾನ್ಯಗಳೆಂದರೆ ಸಜ್ಜೆ ಮತ್ತು ಜೋಳ. ಇವುಗಳ ಸಾಲಿನ ನಡುವೆ ಅಲಸಂದೆ ಹಾಕುತ್ತಾರೆ. ಹೌಸಾ ಭಾಷೆಯಲ್ಲಿ ಸಜ್ಜೆಗೆ ಗೆರೊ, ಜೋಳಕ್ಕೆ ದಾವಾ ಎನ್ನುತ್ತಾರೆ. ಹಿಟ್ಟನ್ನು ಬೇಯಿಸಿ ನಮ್ಮ ಮುದ್ದೆಯಂತೆ ಮಾಡುವ ತುವೊ, ಸಜ್ಜೆ ಉಂಡೆಯನ್ನು ಹಾಲಿನಲ್ಲಿ ಕಲಸಿ ಕುಡಿಯುವ ಫುರಾ ಅವರ ದಿನನಿತ್ಯದ ಆಹಾರ.

ಸಜ್ಜೆಯ ಹೆಸರು ಕೇಳಿದೊಡನೆ ಕೊಪ್ಪಳ, ರಾಯಚೂರು, ವಿಜಯಪುರದ ಓದುಗರಿಗೆ ತಮ್ಮ ಮನೆಯ ರೊಟ್ಟಿ ನೆನಪಾಗಬಹುದು. ಈ ನಂಟು ನಿಜವಾದದ್ದೇ. ಸಜ್ಜೆಯನ್ನು ಮನುಷ್ಯ ಮೊದಲು ಹೊಲಕ್ಕೆ ತಂದದ್ದು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ, ಇದೇ ಪಶ್ಚಿಮ ಆಫ್ರಿಕಾದ ಸಹೇಲ್‌ನಲ್ಲಿ. ಜೋಳವೂ ಆಫ್ರಿಕಾದ ಬೆಳೆಯೇ. ಎರಡೂ ನಮ್ಮ ನೆಲಕ್ಕೆ ಅಲ್ಲಿಂದ ಬಂದವು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸಾಟ್ ನೈಜರ್ ರಾಜಧಾನಿ ನಿಯಾಮೆಯ ಬಳಿ ತನ್ನದೊಂದು ಕೇಂದ್ರವನ್ನು ಹೊಂದಿರುವುದು ಇದೇ ಬೆಳೆಗಳ ಸಲುವಾಗಿ.

ಒಂದು ಕುಟುಂಬದ ಲೆಕ್ಕ

ನೈಜರ್‌ನಲ್ಲಿ ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆಗೆ ಸಿಗುವ ಸಜ್ಜೆ ಸಾಮಾನ್ಯವಾಗಿ ನಾಲ್ಕೈದು ಕ್ವಿಂಟಲ್. ಒಬ್ಬರಿಗೆ ವರ್ಷಕ್ಕೆ ಕನಿಷ್ಠ ಎರಡು ಕ್ವಿಂಟಲ್ ಧಾನ್ಯ ಬೇಕು, ಏಕೆಂದರೆ ಊಟದ ಬಹುಭಾಗ ಧಾನ್ಯವೇ. ಈಗ ತಿಳಿವಳಿಕೆಗಾಗಿ ಏಳು ಜನರ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ.

ಅವರಿಗೆ ನಾಲ್ಕು ಹೆಕ್ಟೇರ್ ಹೊಲವಿದೆ. ಬಂದ ಬೆಳೆ 18 ಕ್ವಿಂಟಲ್. ಏಳು ಜನರ ವರ್ಷದ ಊಟಕ್ಕೆ 14 ಕ್ವಿಂಟಲ್ ಸಾಕು. ಕಾಗದದ ಮೇಲೆ ನೋಡಿದರೆ ಈ ಮನೆಯಲ್ಲಿ ಕೊರತೆಯೇ ಇಲ್ಲ.

ಆದರೆ ಸುಗ್ಗಿಯಾದ ಅಕ್ಟೋಬರ್ ತಿಂಗಳಲ್ಲೇ ಖರ್ಚುಗಳು ಬಾಗಿಲಿಗೆ ಬರುತ್ತವೆ. ಮಳೆಯ ನೀರಿನಿಂದ ಬೆಳೆದದ್ದರಲ್ಲಿ ಹತ್ತನೇ ಒಂದು ಭಾಗ ಉಶ್ರ್, ಅಂದರೆ 1.8 ಕ್ವಿಂಟಲ್. ಬಿತ್ತನೆ ಬೀಜಕ್ಕೆ 20 ಕೆ.ಜಿ. ಕಳೆದ ಮಳೆಗಾಲದಲ್ಲಿ ಒಂದು ಕ್ವಿಂಟಲ್ ಸಾಲ ತಂದಿದ್ದಕ್ಕೆ ಈಗ ಎರಡು ಕ್ವಿಂಟಲ್ ಮರುಪಾವತಿ. ಬಟ್ಟೆ, ಔಷಧ, ಮದುವೆ, ಅಕೀಕಾ, ಇತರ ಬಾಕಿಗಳಿಗೆ ನಗದು ಬೇಕು. ಅದಕ್ಕಾಗಿ ನಾಲ್ಕು ಕ್ವಿಂಟಲ್ ಮಾರಾಟ. ಎಲ್ಲ ಕಳೆದು ಕಣಜದಲ್ಲಿ ಉಳಿಯುವುದು 10 ಕ್ವಿಂಟಲ್. ಅದು ಸುಮಾರು ಎಂಟೂವರೆ ತಿಂಗಳಿಗೆ ಸಾಕಾಗುತ್ತದೆ. ಅಂದರೆ ಜೂನ್ ಮಧ್ಯದಲ್ಲಿ ಕಣಜ ಬರಿದಾಗುತ್ತದೆ.

ಇದೇ ಸಮಯದಲ್ಲಿ ಮಳೆ ಬರುತ್ತದೆ. ಬಿತ್ತನೆ, ಕಳೆ ಕೀಳುವುದು ಎಲ್ಲವೂ ಆಗಲೇ. ಮೈಮುರಿದು ದುಡಿಯಬೇಕಾದ ದಿನಗಳಲ್ಲೇ ಮನೆಯಲ್ಲಿ ಕಾಳಿಲ್ಲ. ಮಲೇರಿಯಾ ಹೆಚ್ಚುವುದೂ ಈ ಮಳೆಗಾಲದಲ್ಲೇ. ಹಳೆಯ ಬೆಳೆ ಮುಗಿದು ಹೊಸ ಬೆಳೆ ಬರುವವರೆಗಿನ ಈ ಅವಧಿಯನ್ನು ಅಲ್ಲಿ ಫ್ರೆಂಚ್‌ನಲ್ಲಿ ‘ಸೂದ್ಯೂರ್’ ಎನ್ನುತ್ತಾರೆ. ನಾವು ಅದನ್ನು ಹಸಿವಿನ ತಿಂಗಳುಗಳು ಎಂದು ಕರೆಯೋಣ.

ಆ ಕುಟುಂಬಕ್ಕೆ ಈಗ ಬೇಕಿರುವುದು ನಾಲ್ಕು ಕ್ವಿಂಟಲ್. ಗಮನಿಸಿ, ಅಕ್ಟೋಬರ್‌ನಲ್ಲಿ ಅವರು ಮಾರಿದ್ದೂ ನಾಲ್ಕೇ ಕ್ವಿಂಟಲ್. ಎಲ್ಲರೂ ಒಟ್ಟಿಗೆ ಮಾರುವ ಸುಗ್ಗಿಯಲ್ಲಿ ಬೆಲೆ ಕೆಳಗಿರುತ್ತದೆ, ಎಲ್ಲರೂ ಒಟ್ಟಿಗೆ ಕೊಳ್ಳುವ ಜುಲೈನಲ್ಲಿ ಮೇಲೇರುತ್ತದೆ. ಬೆಲೆ ಇಮ್ಮಡಿಯಾಯಿತೆಂದರೆ, ಅಂದು ಮಾರಿದ ಹಣವನ್ನೆಲ್ಲ ಹಾಗೆಯೇ ಇಟ್ಟುಕೊಂಡಿದ್ದರೂ ಇಂದು ಸಿಗುವುದು ಎರಡೇ ಕ್ವಿಂಟಲ್. ಉಳಿದ ಎರಡಕ್ಕೆ ಮತ್ತೆ ಸಾಲ. ಮುಂದಿನ ಸುಗ್ಗಿಯಲ್ಲಿ ಆ ಎರಡಕ್ಕೆ ನಾಲ್ಕು ಕೊಡಬೇಕು. ಮುಂದಿನ ವರ್ಷ ಇನ್ನೂ ಒಳ್ಳೆಯ ಬೆಳೆ ಬಂದರೂ ಅದರಲ್ಲಿ ದೊಡ್ಡ ಪಾಲು ಆಗಲೇ ಬೇರೆಯವರದಾಗಿರುತ್ತದೆ.

ಒಂದು ಚೀಲ ಕೊಟ್ಟು ಎರಡು ಚೀಲ ಪಡೆಯುವ ಈ ವ್ಯವಹಾರವೇ ರಿಬಾ. ಬಡ್ಡಿ ಎಂದರೆ ನಮ್ಮಲ್ಲಿ ಹಲವರ ಮನಸ್ಸಿಗೆ ಬರುವುದು ಬ್ಯಾಂಕು ಮಾತ್ರ. ಅದು ಒಂದು ಮನೆಯ ಕಣಜವನ್ನು ಹೇಗೆ ಬರಿದು ಮಾಡುತ್ತದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ಅಲ್ಲಾಹನು ಬಡ್ಡಿಯನ್ನು ಅಷ್ಟು ಕಠಿಣವಾಗಿ ನಿಷೇಧಿಸಿದ್ದು ಏಕೆಂದು ಕೇಳುವವರಿಗೆ ಆ ಬರಿದಾದ ಕಣಜವೇ ಉತ್ತರ.

2005ರಲ್ಲಿ ಆದದ್ದು

2004ರಲ್ಲಿ ನೈಜರ್‌ಗೆ ಮಳೆ ಬೇಗನೆ ನಿಂತಿತು, ಜೊತೆಗೆ ಮಿಡತೆಗಳ ಹಾವಳಿ. ಆದರೂ ಇಡೀ ದೇಶದ ಬೆಳೆ ನೆಲಕಚ್ಚಲಿಲ್ಲ. ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇ. 11 ಕಡಿಮೆಯಾಯಿತು. ಸರಕಾರ ಅಂದಾಜು ಮಾಡಿದ ಧಾನ್ಯದ ಕೊರತೆ ಸುಮಾರು 2.23 ಲಕ್ಷ ಟನ್, ದೇಶದ ಅಗತ್ಯದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಆದರೆ 2005ರ ಜುಲೈ ಹೊತ್ತಿಗೆ ಎಲುಬು ಕಾಣುವ ಮಕ್ಕಳ ಚಿತ್ರಗಳು ಜಗತ್ತಿನ ಟಿ.ವಿ.ಗಳಲ್ಲಿ ಬಂದವು. ಪೌಷ್ಟಿಕತೆಯಿಲ್ಲದೆ ಸೊರಗಿದ ಹತ್ತಾರು ಸಾವಿರ ಮಕ್ಕಳಿಗೆ ಗಡಿರಹಿತ ವೈದ್ಯರ ಸಂಸ್ಥೆ ಚಿಕಿತ್ಸೆ ನೀಡಬೇಕಾಯಿತು. ಆ ಮಕ್ಕಳಲ್ಲಿ ಬಹಳಷ್ಟು ಜನ ಮರಾಡಿ ಪ್ರದೇಶದವರು. ಮರಾಡಿ ಮರುಭೂಮಿಯಲ್ಲ, ಅದು ನೈಜರ್‌ನ ಧಾನ್ಯದ ಕಣಜವೆಂದೇ ಹೆಸರಾದ ಸೀಮೆ. ಹೊಲದಲ್ಲಿ ಹಸಿರು ಪೈರು ನಿಂತಿದೆ, ಮಾರುಕಟ್ಟೆಯಲ್ಲಿ ಚೀಲಗಳಿವೆ, ಪಕ್ಕದಲ್ಲೇ ಮಗು ಹಸಿವಿನಿಂದ ಸಾಯುತ್ತಿದೆ.

ಇದಕ್ಕೆ ಹಲವು ಕಾರಣಗಳು ಕೂಡಿಬಂದವು. ನೈಜರ್ ಮತ್ತು ನೈಜೀರಿಯಾ ನಡುವೆ 1,500 ಕಿ.ಮೀ.ಗೂ ಉದ್ದದ ಗಡಿಯಿದೆ. ಎರಡೂ ಕಡೆ ಹೌಸಾ ಮಾತಾಡುವ ಜನ, ಒಂದೇ ವ್ಯಾಪಾರ. ಹಸಿವಿನ ತಿಂಗಳುಗಳಲ್ಲಿ ಸಾಮಾನ್ಯವಾಗಿ ನೈಜೀರಿಯಾದ ಕಡೆಯಿಂದ ಧಾನ್ಯ ಬರುತ್ತದೆ. ಆ ವರ್ಷ ಅಲ್ಲಿಯೂ ಬೆಲೆ ಏರಿದ್ದರಿಂದ ಬರಬೇಕಾದ ಧಾನ್ಯ ಬರಲಿಲ್ಲ, ಇಲ್ಲಿದ್ದ ಧಾನ್ಯವೇ ಹೆಚ್ಚು ಹಣ ಕೊಡುವ ಕಡೆಗೆ ಹೋಯಿತು. ಬುರ್ಕಿನಾ ಫಾಸೊ ಮತ್ತು ಮಾಲಿ ದೇಶಗಳು ತಮ್ಮ ಧಾನ್ಯ ಹೊರಹೋಗದಂತೆ ತಡೆದವು. ಕುರಿ, ಮೇಕೆ, ದನ ಸಾಕುವ ಫುಲಾನಿ ಮತ್ತು ತುವಾರೆಗ್ ಜನರಿಗೆ ಎರಡು ಕಡೆಯ ಪೆಟ್ಟು. ಮೇವಿಲ್ಲದೆ ಎಲ್ಲರೂ ಪ್ರಾಣಿಗಳನ್ನು ಮಾರಲು ತಂದಿದ್ದರಿಂದ ಅವುಗಳ ಬೆಲೆ ಬಿತ್ತು, ಸಜ್ಜೆಯ ಬೆಲೆ ಏರಿತು. ಮೇಕೆ ಮಾರಿ ಬಂದ ಹಣ ಮೊದಲಿನಷ್ಟು ಕಾಳು ತರಲಿಲ್ಲ.

ಇದೇ ವರ್ಷದ ಆರಂಭದಲ್ಲಿ ಸರಕಾರ ಹಿಟ್ಟು, ಹಾಲಿನಂತಹ ದಿನಬಳಕೆಯ ವಸ್ತುಗಳ ಮೇಲೆ ಶೇ. 19 ತೆರಿಗೆ ಹಾಕಿತ್ತು, ಜನ ಬೀದಿಗಿಳಿದ ಮೇಲೆ ಹಿಂದೆ ಸರಿಯಿತು. ಕೊರತೆಯ ಹಳ್ಳಿಗಳಿಗೆ ಮೊದಲು ಧಾನ್ಯವನ್ನು ರಿಯಾಯಿತಿ ಬೆಲೆಗೆ ಮಾರಲಾಯಿತೇ ಹೊರತು ಉಚಿತವಾಗಿ ಹಂಚಲಿಲ್ಲ. ಕೈಯಲ್ಲಿ ಕಾಸೇ ಇಲ್ಲದವನಿಗೆ ರಿಯಾಯಿತಿ ಬೆಲೆಯಿಂದ ಏನು ಪ್ರಯೋಜನ? ಹಸಿವಾಗುವುದು ದೇಶದಲ್ಲಿ ಅನ್ನ ಇಲ್ಲದಿದ್ದಾಗ ಮಾತ್ರವಲ್ಲ, ಇರುವ ಅನ್ನವನ್ನು ಪಡೆಯುವ ಶಕ್ತಿ ಮನುಷ್ಯನಿಗೆ ಇಲ್ಲದಿದ್ದಾಗಲೂ ಹೌದು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲೇ ವಿವರಿಸಿದ್ದರು. 1943ರ ಬಂಗಾಳದ ಕ್ಷಾಮದ ಜೊತೆ ಸಹೇಲ್‌ನ ಬರವನ್ನೂ ಅವರು ಪರಿಶೀಲಿಸಿದ್ದರು.

ಆಳುವವರ ಹೊಣೆ

ಹಿಜರಿ 18ರಲ್ಲಿ ಹಿಜಾಝ್‌ನಲ್ಲಿ ಮಳೆಯಿಲ್ಲದೆ ಮಣ್ಣು ಬೂದಿಯಂತಾಯಿತು. ಆ ವರ್ಷಕ್ಕೆ ‘ಆಮುರ್ರಮಾದಃ’, ಬೂದಿಯ ವರ್ಷ ಎಂಬ ಹೆಸರು ಬಂತು. ಖಲೀಫಾ ಉಮರ್(ರ)ರು ಕಷ್ಟವಿದೆಯೆಂದು ಒಪ್ಪಿಕೊಂಡರು. ಹೊರ ಪ್ರಾಂತ್ಯಗಳ ಅಧಿಕಾರಿಗಳಿಗೆ ಪತ್ರ ಬರೆದು ಧಾನ್ಯ ತರಿಸಿದರು. ಆ ವರ್ಷದ ಝಕಾತ್ ವಸೂಲಿಯನ್ನು ಮುಂದಕ್ಕೆ ಹಾಕಿದರು. ಜನರಿಗೆ ಸಿಗುವವರೆಗೆ ತಾವೂ ತುಪ್ಪ ಮುಟ್ಟಲಿಲ್ಲ.

ನೈಜರ್‌ನ ಇತಿಹಾಸದಲ್ಲಿ ಇದರ ಎರಡೂ ಬಗೆ ಕಾಣುತ್ತದೆ. 1970ರ ದಶಕದ ಆರಂಭದ ಭೀಕರ ಬರದಲ್ಲಿ ಪರಿಹಾರದ ಧಾನ್ಯ ದುರುಪಯೋಗವಾಯಿತೆಂಬ ಸಿಟ್ಟು, 1974ರಲ್ಲಿ ಅಧ್ಯಕ್ಷ ಹಮಾನಿ ದಿಯೊರಿಯ ಸರಕಾರವನ್ನು ಸೇನೆ ಉರುಳಿಸಲು ಒಂದು ಕಾರಣವಾಯಿತು. 2005ರಲ್ಲಿ ಅಧ್ಯಕ್ಷ ಮಮದು ತಾಂಜಾ ಕ್ಷಾಮದ ಮಾತನ್ನು ಅಲ್ಲಗಳೆದರು. 2009ರ ಬೆಳೆ ಮತ್ತೆ ಕೈಕೊಟ್ಟು, ದೇಶದ ಸುಮಾರು ಅರ್ಧದಷ್ಟು ಜನ ಆಹಾರದ ಕೊರತೆಗೆ ಸಿಲುಕಿದ 2010ರಲ್ಲಿ, ಹೊಸದಾಗಿ ಅಧಿಕಾರಕ್ಕೆ ಬಂದವರು ಸಮಸ್ಯೆಯನ್ನು ಬೇಗ ಒಪ್ಪಿಕೊಂಡು ನೆರವು ಕೇಳಿದರು. ಮುಂದಿನ ಸರಕಾರ ‘ನೈಜರಿನವರಿಗೆ ನೈಜರಿನವರೇ ಉಣಿಸುತ್ತಾರೆ’ ಎಂಬರ್ಥದ ಯೋಜನೆಯನ್ನೇ ಕೈಗೊಂಡಿತು. ಕಷ್ಟವನ್ನು ಮುಚ್ಚಿಟ್ಟರೆ ಮೊದಲು ಸಾಯುವುದು ಐದು ವರ್ಷದೊಳಗಿನ ಮಕ್ಕಳು.

ಎಲ್ಲವೂ ಆ ದೇಶದ ಕೈಯಲ್ಲೇ ಇಲ್ಲ ಎಂಬುದೂ ನಿಜ. 2023ರ ಜುಲೈ 26ರಂದು ಅಲ್ಲಿ ಮತ್ತೆ ಸೇನೆ ಅಧಿಕಾರ ಹಿಡಿಯಿತು. ನೆರೆಯ ದೇಶಗಳ ಒಕ್ಕೂಟ ನಿರ್ಬಂಧ ಹೇರಿತು, ನೈಜೀರಿಯಾ ಮತ್ತು ಬೆನಿನ್ ಗಡಿಗಳು ಮುಚ್ಚಿದವು. ಅದು ಸರಿಯಾಗಿ ಹಸಿವಿನ ತಿಂಗಳುಗಳ ನಡುವೆ. ಆಹಾರ ತುಂಬಿದ ಲಾರಿಗಳು ಗಡಿಯಲ್ಲಿ ನಿಂತವು, ಅಕ್ಕಿಯ ಬೆಲೆ ಏರಿತು. 2024ರ ಫೆಬ್ರವರಿಯಲ್ಲಷ್ಟೇ ಆ ನಿರ್ಬಂಧಗಳು ತೆರವಾದವು. ಇದಕ್ಕೆ ಆರು ದಿನ ಮೊದಲು, 2023ರ ಜುಲೈ 20ರಂದು, ನಮ್ಮ ದೇಶ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತ್ತು. ಇಲ್ಲಿನ ಬೆಲೆ ಹತೋಟಿಯಲ್ಲಿಡಲು ತೆಗೆದುಕೊಂಡ ಕ್ರಮ ಅದು. ಆದರೆ ಪಶ್ಚಿಮ ಆಫ್ರಿಕಾದ ಪೇಟೆಗಳು ಭಾರತದ ಅಕ್ಕಿಯನ್ನು ಬಹಳವಾಗಿ ನಂಬಿವೆ. ನಮ್ಮ ಅಂಗಡಿಯ ಅಕ್ಕಿಗೂ ಅಲ್ಲಿಯ ತಾಯಿಯ ಒಲೆಗೂ ಇಂತಹ ಸಂಬಂಧವಿದೆ. ಮರುವರ್ಷ, 2024ರಲ್ಲಿ, ಬರದ ಬದಲು ನೆರೆ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಸಂತ್ರಸ್ತರಾದರು. ಝಿಂಡರ್ ನಗರದಲ್ಲಿ 19ನೇ ಶತಮಾನದ ಮಣ್ಣಿನ ಮಸೀದಿಯೊಂದು ಮಳೆಗೆ ಕುಸಿದು ಬಿತ್ತು.

ಕೂಡಿಡುವುದು ಬೇರೆ, ಇಹ್ತಿಕಾರ್ ಬೇರೆ

ಇಲ್ಲಿ ಒಂದು ಮಸ್‌ಅಲಾ ಸ್ಪಷ್ಟವಾಗಬೇಕು. ಧಾನ್ಯ ಕೂಡಿಡುವುದು ಒಳ್ಳೆಯದೋ ಕೆಟ್ಟದ್ದೋ? ಯೂಸುಫ್(ಅ)ರು ಕೂಡಿಟ್ಟರು. ಅದೇ ವೇಳೆ, ಕೂಡಿಟ್ಟು ತಡೆಹಿಡಿಯುವವನು ಪಾಪಿ ಎಂಬರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಇವೆರಡರ ನಡುವೆ ವಿರೋಧವಿಲ್ಲ. ಯೂಸುಫ್(ಅ)ರ ಕಣಜ ಸಮೃದ್ಧಿಯ ಕಾಲದಲ್ಲಿ ತುಂಬಿತು, ಬರದ ಕಾಲದಲ್ಲಿ ತೆರೆಯಿತು. ಇಹ್ತಿಕಾರ್ ಮಾಡುವವನ ಗೋದಾಮು ಜನರಿಗೆ ಬೇಕಾದಾಗಲೇ ಮುಚ್ಚಿರುತ್ತದೆ, ಬೆಲೆ ಇನ್ನಷ್ಟು ಏರಲೆಂದು ಕಾಯುತ್ತದೆ. ಮನೆಯವರಿಗಾಗಿ ವರ್ಷದ ಕಾಳು ಇಟ್ಟುಕೊಳ್ಳುವುದು, ಸುಗ್ಗಿಯಲ್ಲಿ ಕೊಂಡು ನ್ಯಾಯವಾದ ಲಾಭಕ್ಕೆ ಮಾರುವುದು ಇಹ್ತಿಕಾರ್ ಅಲ್ಲ ಎಂದು ಉಲಮಾಗಳು ಹೇಳಿದ್ದಾರೆ. ಧಾನ್ಯ ಯಾರಿಗಾಗಿ, ಯಾವಾಗ ತೆರೆದುಕೊಳ್ಳುತ್ತದೆ ಎಂಬುದೇ ಮುಖ್ಯ.

ನೈಜರ್‌ನ ಹಳ್ಳಿಗಳು ಕಂಡುಕೊಂಡ ಧಾನ್ಯ ಬ್ಯಾಂಕ್ ಈ ಯೂಸುಫೀ ಮಾರ್ಗಕ್ಕೆ ಹತ್ತಿರವಾದದ್ದು. ಸುಗ್ಗಿಯಲ್ಲಿ ಊರಿನ ಸಮಿತಿ ಕಡಿಮೆ ಬೆಲೆಗೆ ಧಾನ್ಯ ಕೊಂಡು ಊರಲ್ಲೇ ಇಡುತ್ತದೆ. ಹಸಿವಿನ ತಿಂಗಳುಗಳಲ್ಲಿ ಪೇಟೆಗಿಂತ ಕಡಿಮೆಗೆ ಮಾರುತ್ತದೆ ಅಥವಾ ಸಾಲವಾಗಿ ಕೊಡುತ್ತದೆ. ಹಲವು ಕಡೆ ಇದನ್ನು ನಡೆಸುವವರು ಹೆಂಗಸರು. ಇನ್ನೊಂದು ಕ್ರಮದಲ್ಲಿ ರೈತ ತನ್ನ ಚೀಲಗಳನ್ನು ಸಾಮೂಹಿಕ ಗೋದಾಮಿನಲ್ಲಿ ಅಡವಿಟ್ಟು ಅಗತ್ಯದ ಹಣ ಪಡೆಯುತ್ತಾನೆ, ಬೆಲೆ ಬಂದಾಗ ಬಿಡಿಸಿಕೊಳ್ಳುತ್ತಾನೆ. ನಾವು ಮೇಲೆ ಕಂಡ ಕುಟುಂಬ ನಾಲ್ಕು ಕ್ವಿಂಟಲ್ ಕಳೆದುಕೊಂಡದ್ದು ಇದೇ ಸಂದಿಯಲ್ಲಿ.

ಇಂತಹ ಸಾಲಕ್ಕೆ ಅಲ್ಲಿ ಹೆಚ್ಚಾಗಿ ಬಡ್ಡಿ ಸೇರಿರುತ್ತದೆ. ಅದನ್ನು ನಾವು ಒಪ್ಪುವಂತಿಲ್ಲ. ಆದರೆ ಅಡವು, ಅಂದರೆ ರಹ್ನ್, ಇಸ್ಲಾಮಿನಲ್ಲಿ ಸಮ್ಮತವಾದದ್ದು. ಪ್ರವಾದಿ(ಸ)ರು ಮನೆಯವರಿಗಾಗಿ ಬಾರ್ಲಿ ಪಡೆಯಲು ಮದೀನಾದ ಒಬ್ಬ ಯಹೂದಿಯ ಬಳಿ ತಮ್ಮ ಯುದ್ಧ ಕವಚವನ್ನು ಅಡವಿಟ್ಟಿದ್ದರೆಂದು ಸಹೀಹ್ ಬುಖಾರಿಯಲ್ಲಿದೆ. ಆದ್ದರಿಂದ ಬಡ್ಡಿಯಿಲ್ಲದೆ ಇದೇ ಕೆಲಸ ಮಾಡಲು ದಾರಿಯಿದೆ. ಅದಕ್ಕೆ ಬೇಕಾಗಿರುವುದು ಕರ್ಝೆ ಹಸನ ಕೊಡುವ ಕೈಗಳು.

ಮಣ್ಣಿಗೂ ಅವರು ದಾರಿ ಕಂಡುಕೊಂಡರು. ಹೊಲದಲ್ಲಿ ಕಡಿದ ಮರದ ಬೊಡ್ಡೆಗಳು ಪ್ರತಿ ಮಳೆಗೆ ಚಿಗುರುತ್ತಿದ್ದವು, ರೈತರು ಸವರಿ ಹಾಕುತ್ತಿದ್ದರು. 1980ರ ದಶಕದಿಂದ ಮರಾಡಿ ಮತ್ತು ಝಿಂಡರ್ ಸೀಮೆಯ ರೈತರು ಅವನ್ನು ಉಳಿಸಿ ಬೆಳೆಸತೊಡಗಿದರು. ಅಲ್ಲಿನ ‘ಗಾವೊ’ ಮರ ಮಳೆಗಾಲದಲ್ಲಿ ಎಲೆ ಉದುರಿಸಿ ಪೈರಿಗೆ ಬಿಸಿಲು ಬಿಡುತ್ತದೆ, ಬೇಸಿಗೆಯಲ್ಲಿ ಚಿಗುರಿ ದನಕ್ಕೆ ಮೇವು ಕೊಡುತ್ತದೆ, ನೆಲಕ್ಕೆ ಸಾರ ಸೇರಿಸುತ್ತದೆ. ಹೀಗೆ ಮರ ಮರಳಿದ ಭೂಮಿ ಸುಮಾರು 50 ಲಕ್ಷ ಹೆಕ್ಟೇರ್ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಏನು ತಿಂದರೂ ಅದು ಅವನ ಪಾಲಿಗೆ ಸದಕಾ ಎಂಬ ಹದೀಸ್‌ನ ಆಶಯ ಆ ಹೊಲಗಳಲ್ಲಿ ಕಾಣುತ್ತದೆ.

ನಮ್ಮ ಪಾಲು

ಇದನ್ನು ಓದಿ, ಪಾಪ ಆಫ್ರಿಕಾ ಎಂದು ನಿಟ್ಟುಸಿರು ಬಿಟ್ಟು ಪುಟ ತಿರುಗಿಸಿದರೆ ಪ್ರಯೋಜನವಿಲ್ಲ. ಮೂರು ವಿಷಯಗಳನ್ನು ನಾವು ನಮ್ಮ ಊರಲ್ಲೇ ಪಾಲಿಸಬಹುದು.

ಮೊದಲನೆಯದು ಉಶ್ರ್. ಮಳೆಯಾಶ್ರಿತ ಬೆಳೆಗೆ ಹತ್ತನೇ ಒಂದು ಭಾಗ, ಖರ್ಚು ಮಾಡಿ ನೀರು ಹಾಯಿಸಿದ ಬೆಳೆಗೆ ಇಪ್ಪತ್ತನೇ ಒಂದು ಭಾಗ. ಶಾಫಿಈ ಹಾಗೂ ಮಾಲಿಕಿ ಮದ್‌ಹಬ್‌ಗಳಲ್ಲಿ ಐದು ವಸ್ಕ್, ಅಂದರೆ ಸುಮಾರು ಆರೂವರೆ ಕ್ವಿಂಟಲ್ ತುಂಬಿದಾಗ ಇದು ಕಡ್ಡಾಯ. ಇಮಾಮ್ ಅಬೂ ಹನೀಫಾ(ರಹ್)ರ ಪ್ರಕಾರ ಬೆಳೆ ಕಡಿಮೆಯಿದ್ದರೂ ಕೊಡಬೇಕು. ರಮಝಾನಿನಲ್ಲಿ ಹಣದ ಝಕಾತ್ ಕೊಡುವ ನಮ್ಮ ರೈತ ಕುಟುಂಬಗಳಲ್ಲಿ ಬೆಳೆಯ ಹಕ್ಕನ್ನು ಮರೆತವರಿದ್ದಾರೆ. ಕೊಯ್ಲಿನ ದಿನವೇ ಅದರ ಹಕ್ಕನ್ನು ಕೊಡಬೇಕೆಂದು ಸೂರಃ ಅನ್‌ಆಮ್ ಕಲಿಸುತ್ತದೆ.

ಎರಡನೆಯದು ಕೊಡುವ ಸಮಯ. ನೈಜರ್‌ನಲ್ಲಿ ಸುಗ್ಗಿಯಲ್ಲಿ ಕೊಟ್ಟ ಒಂದು ಚೀಲಕ್ಕಿಂತ ಜುಲೈನಲ್ಲಿ ಕೊಟ್ಟ ಒಂದು ಚೀಲ ಹೆಚ್ಚು ಜೀವ ಉಳಿಸುತ್ತದೆ. ನಮ್ಮ ಜಮಾಅತ್‌ಗಳೂ ಬಡವರಿಗೆ ವರ್ಷದ ಯಾವ ತಿಂಗಳು ಕಷ್ಟವೆಂದು ತಿಳಿದು ಅದಕ್ಕೆ ತಕ್ಕಂತೆ ಸದಕಾದ ಒಂದು ಪಾಲನ್ನು ತೆಗೆದಿಡಬೇಕು. ದೂರದ ದೇಶಗಳಿಗೆ ನೆರವು ಕಳಿಸುವಾಗಲೂ, ಕಾನೂನುಬದ್ಧವಾದ ನಂಬಿಕಸ್ಥ ಸಂಸ್ಥೆಯ ಮೂಲಕ, ಟಿ.ವಿ.ಯಲ್ಲಿ ಚಿತ್ರ ಬರುವ ಮುಂಚೆಯೇ ಕಳಿಸಬೇಕು.

ಮೂರನೆಯದು ವ್ಯಾಪಾರ. ನಮ್ಮಲ್ಲಿ ಕಿರಾಣಿ ಅಂಗಡಿಯವರಿದ್ದಾರೆ, ಎಪಿಎಂಸಿಯಲ್ಲಿ ವರ್ತಕರಿದ್ದಾರೆ. ಬೆಲೆ ಏರುವ ಕಾಲದಲ್ಲಿ ಗೋದಾಮು ತೆರೆದು ನ್ಯಾಯದ ಲಾಭಕ್ಕೆ ಮಾರುವುದು ಇಬಾದತ್ತೇ. ಕಷ್ಟದಲ್ಲಿರುವವನಿಗೆ ಕೊಟ್ಟ ಸಾಲಕ್ಕೆ ಒಂದು ರೂಪಾಯಿ ಹೆಚ್ಚು ಕೇಳದಿರುವುದೂ ಇಬಾದತ್ತೇ.

ಯಮನ್‌ನ ಅಶ್‌ಅರಿ ಗೋತ್ರದವರ ಒಂದು ಗುಣವನ್ನು ಪ್ರವಾದಿ(ಸ)ರು ಮೆಚ್ಚಿಕೊಂಡಿದ್ದರು. ಆಹಾರ ಕಡಿಮೆಯಾದಾಗ ಅವರು ಪ್ರತಿಯೊಬ್ಬರ ಬಳಿ ಇದ್ದದ್ದನ್ನು ಒಂದೇ ಬಟ್ಟೆಯ ಮೇಲೆ ಸುರಿದು, ಒಂದೇ ಅಳತೆಯಿಂದ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರು ನನ್ನವರು, ನಾನು ಅವರವನು ಎಂಬರ್ಥದಲ್ಲಿ ಪ್ರವಾದಿ(ಸ)ರು ಅವರ ಬಗ್ಗೆ ಹೇಳಿದ್ದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಆ ಸಾಲಿಗೆ ಸೇರುವ ಆಸೆ ನಮಗಿದ್ದರೆ ನಮ್ಮ ಕಣಜದ ಬಾಗಿಲು ಸರಿಯಾದ ತಿಂಗಳಲ್ಲಿ ತೆರೆಯಬೇಕು.

ಹಸಿವಿನಲ್ಲಿ ಉಣಿಸುವವನೂ ಭಯದಲ್ಲಿ ಕಾಪಾಡುವವನೂ ಆದ ಅಲ್ಲಾಹನು ನೈಜರ್‌ನ ಸಹೋದರರ ಹೊಲಗಳಿಗೆ ಹದವಾದ ಮಳೆಯನ್ನು, ಅವರ ಮಕ್ಕಳಿಗೆ ಆರೋಗ್ಯವನ್ನು, ನಮಗೆಲ್ಲ ಕೊಡುವ ಮನಸ್ಸನ್ನು ಅನುಗ್ರಹಿಸಲಿ. ಆಮೀನ್.